ತಲೆಕೆಳಗಾಗಿ ಸುತ್ತಿದ ಟೇಪು

“ಗಿನ್ಕಾ, ಇಲ್ಲಿ ಬಾ. ಇದನ್ನ ಸುತ್ತಿದ್ದು ನೀನೇನಾ?”

“ನಾ ಬರಲ್ಲ ಅಣ್ಣಾ. ಆ ಕಂಬದ ಹತ್ರ ಬರೋಕೆ ನನ್ನ ಕಾಲೇ ಏಳಲ್ಲ.”

ಐದನೆಯ ಮಹಡಿಯ ಮೇಲಿನ ತಾರಸಿಯಲ್ಲಿ ನಿವೃತ್ತ ಇನ್ಸ್‌ಪೆಕ್ಟರ್ ಕಾಮೆನ್ ರಶ್ಕೋವ್ ಮಂಡಿಯೂರಿ ಕೂತಿದ್ದ. ಎದುರಿಗೆ ಉದ್ದಕ್ಕೆ ಬಿದ್ದಿದ್ದುದು ಆಂಟೆನಾ ಕಂಬ. ಅದರ ತುದಿಯಲ್ಲಿ ಕೇಬಲ್ ಬಂದು ಸೇರುವ ಜಾಗಕ್ಕೆ ಕಪ್ಪು ಟೇಪು ಸುತ್ತಿತ್ತು. ಅವನ ಮೂಗು ಆ ಟೇಪಿಗೆ ಇನ್ನೇನು ತಾಗುವಷ್ಟು ಹತ್ತಿರವಿತ್ತು.

ಕಳೆದ ಭಾನುವಾರ ಇದೇ ಕಂಬ ಉರುಳಿ, ಯಾಸೆನೊವೊ ಊರಿನ ಹವ್ಯಾಸಿ ರೇಡಿಯೋದವರಿಗೆಲ್ಲ ಗುರುವಾದ ಸ್ಪಾಸ್ ಮೇಷ್ಟ್ರನ್ನು ಕೆಳಗಿನ ಬಾಲ್ಕನಿಗೆ ಕೆಡವಿತ್ತು. ಮೇಷ್ಟ್ರು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಕಂಬ ನಿಲ್ಲಿಸಿ ಹಗ್ಗ ಬಿಗಿದವಳು ಅವರ ಹೊಸ ಶಿಷ್ಯೆ, ಬೇಕರಿಯ ಗಿನ್ಕಾ. “ಗಂಟು ಸಡಿಲ, ಅದಕ್ಕೇ ಕಂಬ ಬಿತ್ತು” ಎಂದು ಪೊಲೀಸರು ತೀರ್ಮಾನಿಸಿಬಿಟ್ಟಿದ್ದರು. ಇವತ್ತು ಮಧ್ಯಾಹ್ನ ಇನ್ಸ್‌ಪೆಕ್ಟರ್ ಇಸ್ಕ್ರೆನ್ ಬಂದು ಅವಳ ತಪ್ಪೊಪ್ಪಿಗೆಗೆ ಸಹಿ ಹಾಕಿಸಿಕೊಂಡು ಹೋಗುವುದಿತ್ತು. ಆಮೇಲೆ ಕೋರ್ಟು, ಜೈಲು.

ವಿಪರ್ಯಾಸವೆಂದರೆ, ಸಹಿ ಹಾಕಲು ಗಿನ್ಕಾಳೇ ತುದಿಗಾಲಲ್ಲಿ ನಿಂತಿದ್ದಳು.

“ನನ್ನ ಗಂಟೇ ಬಿಚ್ಚಿದ್ದು ಅಣ್ಣಾ. ನಾನೇ ಅವರನ್ನ ಕೊಂದೆ.”

“ಅವರಿನ್ನೂ ಉಸಿರಾಡ್ತಿದ್ದಾರೆ ಕಣೆ! ಬದುಕಿರೋರಿಗೆ ಈಗಲೇ ಗುಂಡಿ ತೋಡಬೇಡ. ಬಾ ಅಂದ್ರೆ ಬಾ.”

ಗಿನ್ಕಾ ಬಂದಳು. ಬೇಕರಿಯ ಏಪ್ರನ್ ಹಾಗೇ ಇತ್ತು, ಮೊಣಕೈವರೆಗೆ ಹಿಟ್ಟು. ಮಣಿಕಟ್ಟಿನಲ್ಲಿ ಮಾರ್ಚ್ ತಿಂಗಳ ಕೆಂಪು ಬಿಳಿ ದಾರ ಕೊಳೆಯಾಗಿ ಜೋತಾಡುತ್ತಿತ್ತು. ಮೊದಲ ಹೂಬಿಟ್ಟ ಮರ ಕಂಡಾಗ ಅದನ್ನು ಬಿಚ್ಚಿ ಕೊಂಬೆಗೆ ಕಟ್ಟಬೇಕು. ಅಂಗಳದ ಪ್ಲಮ್ ಮರ ಆಗಲೇ ಬೆಳ್ಳಗೆ ಹೂಬಿಟ್ಟಿದ್ದರೂ ಅವಳು ಅತ್ತ ತಲೆಯೆತ್ತಿ ನೋಡಿರಲಿಲ್ಲ.

“ನೋಡು. ಟೇಪಿನ ಸುತ್ತು ಎಲ್ಲಿಂದ ಶುರುವಾಗಿದೆ?”

ಅವಳು ಬಗ್ಗಿದಳು. “ಕೆಳಗಿಂದ ಮೇಲಕ್ಕೆ.”

“ಮೇಷ್ಟ್ರು ಹೇಳ್ಕೊಟ್ಟಿದ್ದು ಹೇಗೆ?”

“ಕೆಳಗಿಂದ ಮೇಲಕ್ಕೇ. ಹೆಂಚು ಹೊದಿಸಿದ ಹಾಗೆ. ಮಳೆ ನೀರು ಮೇಲಿನ ಸುತ್ತಿಂದ ಕೆಳಗಿನ ಸುತ್ತಿಗೆ ಜಾರ್ಬೇಕು, ಒಳಗೆ ಇಳೀಬಾರದು ಅಂತ.”

“ನೀನು ಸುತ್ತೋದು ಹೇಗೆ?”

ಗಿನ್ಕಾಳ ಮುಖ ಕೆಂಪಾಯಿತು. ಶನಿವಾರ ಕಂಬ ನಿಲ್ಲಿಸುವಾಗ ರಶ್ಕೋವ್ ಕೂಡ ಒಂದು ಹಗ್ಗ ಹಿಡಿದು ನಿಂತಿದ್ದ. ಅವನೂ ಅವಳ ಜೊತೆಗೇ ರೇಡಿಯೋ ಪರೀಕ್ಷೆ ಪಾಸು ಮಾಡಿದ ಹೊಸಬ. ಅವನ ಆಂಟೆನಾ ತಂತಿಯ ಮೇಲೆ ಹೆಂಡತಿ ಇವತ್ತಿಗೂ ಹಾಸಿಗೆ ಚಾದರ ಒಣಗಿಸುತ್ತಾಳೆ. ಅಂಥವನೇ ಅವತ್ತು ಇವಳನ್ನು ಗೇಲಿ ಮಾಡಿದ್ದ: ಏನೇ ಇದು, ಕೇಬಲ್ಲನ್ನೂ ಬನಿತ್ಸಾ ರೊಟ್ಟಿ ಸುತ್ತಿದ ಹಾಗೆ ಮೇಲಿಂದ ಸುತ್ತಿದ್ದೀಯಲ್ಲ, ನಡುವೆ ಚೀಸ್ ಎಲ್ಲಿ?

“ಇಪ್ಪತ್ತು ವರ್ಷ ಹಿಟ್ಟಿನ ಹಾಳೆ ಸುತ್ತಿದ ಕೈ ಅಣ್ಣಾ. ಎಷ್ಟು ಹೇಳಿದ್ರೂ ಮೇಲಿಂದಾನೇ ಹೋಗತ್ತೆ.”

“ಹಾಗಿದ್ರೆ ಇದು ನಿಂದಲ್ಲ.”

ಗಿನ್ಕಾ ಇನ್ನೂ ಹತ್ತಿರಕ್ಕೆ ಬಗ್ಗಿದಳು.

ರಶ್ಕೋವ್ ಟೇಪಿನ ಬಾಲವನ್ನು ಉಗುರಿನಿಂದ ಮೆಲ್ಲಗೆ ಎತ್ತಿ ನೋಡಿದ. ಸುತ್ತಿದವನು ಕೊನೆಯನ್ನು ಹಾಗೇ ಹರಿದು ಬಿಟ್ಟಿರಲಿಲ್ಲ. ಒಂದರ ಮೇಲೊಂದು ಎರಡು ಮಡಿಕೆ ಮಡಚಿ, ಅದರ ಮೇಲೆ ಅಡ್ಡಕ್ಕೆ ಹೆಬ್ಬೆರಳ ಉಗುರು ಒತ್ತಿದ್ದ. ಮತ್ತೆ ಬಿಚ್ಚುವಾಗ ಹಿಡಿದೆಳೆಯಲು ಸುಲಭವಾಗಲಿ ಎಂದಿರಬೇಕು. ಅಚ್ಚುಕಟ್ಟಾದ ಕೈ.

“ಈಗ ಸರಿಯಾಗಿ ಕೇಳು. ನಿಂತ ಕಂಬದ ತುದಿ ಯಾರ ಕೈಗೂ ಎಟುಕಲ್ಲ. ಟೇಪು ಬಿಚ್ಚಿ ಸುತ್ತಬೇಕು ಅಂದ್ರೆ ಕಂಬ ಮಲಗಿಸಬೇಕು. ಮಲಗಿಸಬೇಕು ಅಂದ್ರೆ?”

“ಹಗ್ಗ ಬಿಚ್ಚಬೇಕು.” ಅವಳ ಧ್ವನಿ ತೀರಾ ಸಣ್ಣಗಿತ್ತು.

“ಬಿಚ್ಚಿದವನು ಆಮೇಲೆ ಮತ್ತೆ ಕಟ್ಟಿದ್ದಾನೆ. ಹಾಗಾದ್ರೆ ಸಡಿಲವಾದ ಗಂಟು ಯಾರದು?”

ಗಿನ್ಕಾ ಕಂಬದ ಪಕ್ಕದಲ್ಲೇ ಕೂತಳು. ಅಳಲಿಲ್ಲ. ತಾನು ಕಟ್ಟಿದ ಗಂಟನ್ನು ಈಗಲೂ ಕಟ್ಟುತ್ತಿರುವವಳಂತೆ ಬೆರಳುಗಳನ್ನು ಗಾಳಿಯಲ್ಲಿ ಆಡಿಸಿದಳು.

“ನಂದಲ್ವಾ?” ಎಂದಳು. “ನಿಜವಾಗ್ಲೂ ನಂದಲ್ವಾ ಅಣ್ಣಾ?”

“ಅಲ್ಲ ಕಣೆ ತಾಯಿ. ಆದ್ರೆ ಇಸ್ಕ್ರೆನ್ ನನ್ನ ಬಾಯಿಮಾತು ಕೇಳಲ್ಲ. ಶನಿವಾರ ನೀನೇ ಸುತ್ತಿದ ಇನ್ನೊಂದು ಜಾಗ ಇದೆಯಾ?”

ಇತ್ತು. ಹೊಸಬರೆಲ್ಲ ಮಾಡುವ ಎಡವಟ್ಟನ್ನು ಅವಳೂ ಮಾಡಿದ್ದಳು: ಅಳತೆ ತಪ್ಪಿ ಕೇಬಲ್ ಗಿಡ್ಡ ಕತ್ತರಿಸಿದ್ದಳು. ನಾಲ್ಕನೆಯ ಮಹಡಿಯ ಅವಳ ಅಡುಗೆಮನೆ ಕಿಟಕಿಯ ಹೊರಗೆ ಇನ್ನೊಂದು ತುಂಡು ಸೇರಿಸಿ ಟೇಪು ಸುತ್ತಿದ್ದಳು.

ಇಬ್ಬರೂ ಕೆಳಗಿಳಿದರು. ರಶ್ಕೋವ್ ಕಿಟಕಿಯಿಂದ ಅರ್ಧ ದೇಹ ಹೊರಗೆ ಚಾಚಿ, ಗಿನ್ಕಾ ಅವನ ಬೆಲ್ಟು ಹಿಡಿದುಕೊಂಡು ನಿಂತು, ಆ ಜಾಗವನ್ನು ನೋಡಿದ್ದಾಯಿತು. ಮೇಲಿನಿಂದ ಕೆಳಕ್ಕೆ, ಶುದ್ಧ ಬನಿತ್ಸಾ. ಟೇಪಿನ ಕೊನೆ ಹಲ್ಲಿನಿಂದ ಕಚ್ಚಿ ಹರಿದದ್ದು.

“ಭಲೇ! ಇಷ್ಟು ಕೆಟ್ಟದಾಗಿ ಸುತ್ತಿದ್ದಕ್ಕೆ ನಿನ್ನ ಕೈಗೆ ಮುತ್ತು ಕೊಡಬೇಕು.”

ಗಿನ್ಕಾಗೆ ನಗು ಬಂತು. ಒಂದು ವಾರದ ಮೇಲೆ ಬಂದ ನಗು, ಅವಳೇ ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದಳು.

ರಶ್ಕೋವ್ ಹಾಗೇ ಕೇಬಲ್ಲಿನ ಮೇಲೆ ಬೆರಳು ಆಡಿಸುತ್ತ, ಕೈ ಎಟುಕುವವರೆಗೂ ಮೇಲಕ್ಕೆ ಸವರಿದ. ಐದನೆಯ ಮಹಡಿಯ ಬಾಲ್ಕನಿಯ ಅಂಚಿನಲ್ಲಿ ಬೆರಳಿಗೆ ಏನೋ ಚುಚ್ಚಿತು.

“ಅಯ್ಯಪ್ಪಾ!”

ಗುಂಡುಪಿನ್ನು. ಕೇಬಲ್ಲಿನ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ತೂರಿ, ತಲೆಯನ್ನು ಕತ್ತರಿಸಿ ಹಾಕಿದ್ದರು. ಒಳಗಿನ ತಂತಿಗೂ ಅದರ ಸುತ್ತಲಿನ ಜಾಲರಿಗೂ ಪಿನ್ನು ತಾಗಿದರೆ ಸಾಕು, ರೇಡಿಯೋ ಕಿವುಡು, ಮೂಕ ಎರಡೂ ಆಗುತ್ತದೆ. ಕಣ್ಣಿಗೆ ಮಾತ್ರ ಏನೂ ಕಾಣಿಸುವುದಿಲ್ಲ.

“ಅದಕ್ಕೇ!” ಗಿನ್ಕಾ ಹಣೆ ಚಚ್ಚಿಕೊಂಡಳು. “ಶನಿವಾರ ಸಂಜೆ ಚೆನ್ನಾಗೇ ಇತ್ತು. ಗ್ರೀಸಿನವನೊಬ್ಬ ಮಾತಾಡಿಸಿ ನನ್ನ ಹೆಸರು ಕೇಳಿದ. ಭಾನುವಾರ ಬೆಳಿಗ್ಗೆ ಸತ್ತುಬಿದ್ದಿತ್ತು. ನಾನೇ ಏನೋ ಹಾಳು ಮಾಡಿದೆ ಅಂದ್ಕೊಂಡು ಮೇಷ್ಟ್ರಿಗೆ ಫೋನ್ ಮಾಡಿದೆ. ‘ನೀನು ಬೇಕರಿ ನೋಡ್ಕೊ, ಯಾರನ್ನಾದ್ರೂ ಕರ್ಕೊಂಡು ಹೋಗಿ ನೋಡ್ತೀನಿ’ ಅಂದ್ರು.”

“ಯಾರನ್ನಾದ್ರೂ ಕರ್ಕೊಂಡು? ಇದನ್ನ ನೀನು ಇಸ್ಕ್ರೆನ್‌ಗೆ ಹೇಳಲಿಲ್ವಾ?”

“ಹೇಳ್ದೆ. ಅವರು ಬರ್ಕೊಳ್ಳಲಿಲ್ಲ. ‘ಅದು ಮುಖ್ಯ ಅಲ್ಲಮ್ಮ’ ಅಂದ್ರು.”

ರಶ್ಕೋವ್ ಪಿನ್ನನ್ನು ಚಿಮುಟದಿಂದ ಎಳೆದು ಕರವಸ್ತ್ರದಲ್ಲಿ ಸುತ್ತಿಕೊಂಡ. ಆಮೇಲೆ ಐದನೆಯ ಮಹಡಿಗೆ ಹತ್ತಿ ಬಾಗಿಲು ಬಡಿದ.

ಅದು ಕಟ್ಟಡದ ಮೇಲ್ವಿಚಾರಕ ವೆಲ್ಚೋನ ಮನೆ. ಮೆಟ್ಟಿಲಿನ ದೀಪದಿಂದ ಹಿಡಿದು ತಾರಸಿಯ ಬೀಗದ ಕೀಲಿಯವರೆಗೆ ಎಲ್ಲದಕ್ಕೂ ಅವನೇ ಯಜಮಾನ. ಮೇಷ್ಟ್ರು ಬಿದ್ದದ್ದು ಅವನ ಬಾಲ್ಕನಿಯ ತಗಡಿನ ಮೇಲೆ. ತಗಡು ಹರಿದು, ಚಳಿಗಾಲಕ್ಕೆಂದು ಉಪ್ಪಿನಲ್ಲಿ ಇಟ್ಟಿದ್ದ ಎಲೆಕೋಸಿನ ಪೀಪಾಯಿಯೊಳಗೆ ಕೂತುಬಿಟ್ಟಿದ್ದರು. ಡಾಕ್ಟರ ಪ್ರಕಾರ ಅವರನ್ನು ಉಳಿಸಿದ್ದು ಆ ಕೋಸು.

“ಕೋಸಿಗೆ ಪರಿಹಾರ ಕೊಡೋಕೆ ಬಂದ್ರಾ ಸಾಹೇಬ್ರೆ?” ವೆಲ್ಚೋ ಬಾಗಿಲಿನ ತುಂಬ ನಿಂತಿದ್ದ. ಆ ದೇಹಕ್ಕೆ ಬಾಗಿಲು ಸಾಲುತ್ತಿರಲಿಲ್ಲ.

“ನಿನ್ನ ವಸ್ತು ಒಂದು ವಾಪಸ್ ಕೊಡೋಕೆ ಬಂದೆ.” ರಶ್ಕೋವ್ ಕರವಸ್ತ್ರ ಬಿಚ್ಚಿದ.

ಪಿನ್ನು ನೋಡಿದ ವೆಲ್ಚೋ ಬೆವರಿದ. ಬಾಯಲ್ಲಿದ್ದ ಸೂರ್ಯಕಾಂತಿ ಬೀಜ ನುಂಗಲೂ ಆಗದೆ ಉಗಿಯಲೂ ಆಗದೆ ಒದ್ದಾಡಿದ.

“ಇದು... ಇದು ಯಾರದೋ.”

“ಸೈನ್ಯದಲ್ಲಿ ಯಾವ ದಳದಲ್ಲಿದ್ದೆ ಅಂದಿದ್ದೆ ನೀನು? ಮೊನ್ನೆ ರಾಕಿಯಾ ಕುಡೀತಾ ಹೇಳಿದ್ದೆಯಲ್ಲ?”

“ಸಿಗ್ನಲ್...” ಎಂದವನು ನಾಲಿಗೆ ಕಚ್ಚಿಕೊಂಡ.

“ಅಲ್ಲಿ ಆಗದವರ ಕೇಬಲ್ಲಿಗೆ ಪಿನ್ನು ಚುಚ್ಚೋದು ಕಲಿಸ್ತಿದ್ರಾ?”

“ಫುಟ್ಬಾಲ್ ಸಾಹೇಬ್ರೆ!” ವೆಲ್ಚೋ ಒಮ್ಮೆಲೇ ಬಾಯಿಬಿಟ್ಟ. “ನಮ್ಮೋನು ಗೋಲು ಹೊಡೆಯೋಕೆ ಕಾಲೆತ್ತಿದ, ಟೀವಿ ತುಂಬ ಇರುವೆ ಹರಿದ ಹಾಗಾಯ್ತು. ಕೆಳಗಡೆ ಇವಳು ಹಲೋ ಹಲೋ ಅಂತಿದ್ಲು. ಗೋಲು ಆಯ್ತೋ ಇಲ್ವೋ ಅಂತ ಪಕ್ಕದ ಮನೆಯವರನ್ನ ಕೇಳಬೇಕಾಯ್ತು! ಸಿಟ್ಟಲ್ಲಿ ಚುಚ್ಚಿದೆ. ಅಷ್ಟೇ. ಮೇಷ್ಟ್ರು ಬರ್ತಾರೆ, ಹತ್ತುತ್ತಾರೆ, ಬೀಳ್ತಾರೆ ಅಂತ ನಂಗೇನು ಗೊತ್ತು?”

“ಮೇಲೆ ಹೋಗಿ ಹಗ್ಗ ಬಿಚ್ಚಿದ್ದೂ ನೀನೇ.”

“ನಾನಾ?” ವೆಲ್ಚೋ ಎರಡೂ ಕೈಗಳಿಂದ ತನ್ನ ಹೊಟ್ಟೆ ಹಿಡಿದು ತೋರಿಸಿದ. “ಇದು ತಾರಸಿ ಕಿಂಡೀಲಿ ತೂರುತ್ತಾ, ನೀವೇ ಹೇಳಿ! ಜನವರೀಲಿ ಹಿಮ ಗುಡಿಸೋಕೆ ಹೋಗಿ ಸಿಕ್ಕಿಹಾಕ್ಕೊಂಡಿರ್ಲಿಲ್ವಾ? ಅಗ್ನಿಶಾಮಕದವರು ಬಂದು ಎಳೆದ್ರು. ಕೆಳಗೆ ಹೆಂಗಸರು ಚಪ್ಪಾಳೆ ಹೊಡೆದ್ರು. ಇವಳೂ ಹೊಡೆದ್ಲು!”

“ಹೌದಣ್ಣಾ, ಹೊಡೆದೆ” ಎಂದಳು ಹಿಂದೆ ನಿಂತಿದ್ದ ಗಿನ್ಕಾ.

ರಶ್ಕೋವ್ ಅದನ್ನು ಮರೆತೇಬಿಟ್ಟಿದ್ದ. ಆ ಕಿಂಡಿಗೂ ಈ ಹೊಟ್ಟೆಗೂ ಹೊಂದಾಣಿಕೆಯೇ ಇರಲಿಲ್ಲ. ಅವನು ಧ್ವನಿ ತಗ್ಗಿಸಿದ.

“ಸರಿ. ಭಾನುವಾರ ನೀನು ಮನೇಲೇ ಇದ್ದೆ. ಮೇಲೆ ಏನು ಕೇಳಿಸ್ತು?”

ವೆಲ್ಚೋ ಗೋಡೆಗೆ ಒರಗಿದ. ಮುಖದಲ್ಲಿದ್ದ ತಮಾಷೆಯೆಲ್ಲ ಇಳಿದುಹೋಗಿತ್ತು.

“ಊಟ ಮಾಡಿ ಮಲಗಿದ್ದೆ. ಮೇಲೆ ಹೆಜ್ಜೆ ಸದ್ದು. ಇಬ್ಬರದು. ಮೇಷ್ಟ್ರು ನಗ್ತಿದ್ರು. ‘ಏನೋ ಮರೀ, ಗಂಟು ಕಟ್ಟೋದೂ ಮರೆತುಬಿಟ್ಯೇನೋ’ ಅಂದ್ರು. ಆಮೇಲೆ ನಗು ನಿಂತುಹೋಯ್ತು. ಮೇಷ್ಟ್ರು ಜೋರಾಗಿ ಏನೋ ಅಂದ್ರು. ಅರ್ಥ ಆಗ್ಲಿಲ್ಲ. ಆಮೇಲೆ ಧಡಾರ್ ಅಂತ ನನ್ನ ಕೋಸು.”

“ಇನ್ನೊಬ್ಬನ ದನಿ?”

“ಅವನು ಮೆಲ್ಲಗೆ ಮಾತಾಡ್ತಿದ್ದ. ಪಕ್ಕದ ಮೆಟ್ಟಿಲಿನ ಕಿಂಡಿಯಿಂದ ಇಳಿದಿರಬೇಕು, ನಮ್ಮ ಕಡೆ ಯಾರೂ ಬರ್ಲಿಲ್ಲ.”

“ಇದನ್ನ ಯಾಕೋ ಹೇಳಲಿಲ್ಲ ಇಷ್ಟು ದಿನ? ಇವಳು ಜೈಲಿಗೆ ಹೋಗ್ತಿದ್ಲಲ್ಲೋ!”

“ಹೇಳಿದ್ರೆ ಪಿನ್ನಿನ ವಿಷಯ ಹೊರಗೆ ಬರ್ತಿತ್ತಲ್ಲ ಸಾಹೇಬ್ರೆ.” ವೆಲ್ಚೋ ಕಣ್ಣೊರೆಸಿಕೊಂಡ. “ಆಂಬ್ಯುಲೆನ್ಸಿಗೆ ಫೋನ್ ಮಾಡಿದ್ದು ನಾನೇ. ಪೊಲೀಸರಿಗೂ ನಾನೇ. ಇಸ್ಕ್ರೆನ್ ಸಾಹೇಬ್ರಂತೂ ಪಾಪ, ಫೋನ್ ಇಡೋದ್ರೊಳಗೆ ಬಂದ್ಬಿಟ್ರು. ಮೇಷ್ಟ್ರನ್ನ ಎತ್ತೋಕೆ ಕೈ ಹಾಕಿದ್ರು. ಗಿನ್ಕಾ, ನಿಂಗೆ ಹೊಸ ಕೇಬಲ್ ನಾನೇ ತಂದ್ಕೊಡ್ತೀನಿ. ನನ್ನ ಮೇಲೆ ಶಾಪ ಹಾಕ್ಬೇಡ.”

ಗಿನ್ಕಾ ಅವನನ್ನು ದಿಟ್ಟಿಸಿದಳು. ಒಂದು ವಾರ ಅನ್ನ ನಿದ್ದೆ ಇಲ್ಲದೆ ಅತ್ತದ್ದೆಲ್ಲ ಆ ನೋಟದಲ್ಲಿತ್ತು. ಆಮೇಲೆ, “ಫುಟ್ಬಾಲ್ ಇರೋ ದಿನ ಮೊದಲೇ ಹೇಳು, ಮಾರಾಯ. ಅವತ್ತು ರೇಡಿಯೋ ಮುಟ್ಟಲ್ಲ” ಎಂದಳು.

ಕೆಳಗೆ ಕಾರಿನ ಹಾರನ್ ಕೇಳಿಸಿತು.

ಇಸ್ಕ್ರೆನ್ ಒಂದು ಕಾಲದಲ್ಲಿ ರಶ್ಕೋವ್‌ನ ಕೈಕೆಳಗೆ ಕೆಲಸ ಕಲಿತವನು. ನಲವತ್ತು ದಾಟಿದ, ಇಸ್ತ್ರಿ ಅಂಗಿಯ, ಮೃದು ಮಾತಿನ ಆಸಾಮಿ. ಅಂಗಳದಲ್ಲಿ ಕಾರಿಗೆ ಒರಗಿ ನಿಂತು, ಸಹಿ ಮಾಡಿಸಬೇಕಾದ ಕಾಗದವನ್ನು ಬಾನೆಟ್ಟಿನ ಮೇಲೆ ಹರಡಿದ್ದ.

“ಬನ್ನಿ ಗುರುಗಳೇ. ನೀವೂ ಸಾಕ್ಷಿಯಾಗಿ ಇದ್ದುಬಿಡಿ.”

“ಸಾಕ್ಷಿಗೇ ಬಂದೆ ಕಣಯ್ಯಾ. ಆದ್ರೆ ನೀನು ಅಂದ್ಕೊಂಡಿರೋ ಸಾಕ್ಷಿ ಅಲ್ಲ.”

ರಶ್ಕೋವ್ ಎರಡು ಕೇಬಲ್ ತುಂಡುಗಳನ್ನು ಕಾಗದದ ಮೇಲೆ ಇಟ್ಟ. ಮೇಲಿನದನ್ನೂ ಕಿಟಕಿಯದನ್ನೂ ಆಗಲೇ ಕತ್ತರಿಸಿ ತಂದಿದ್ದ. ಕೆಳಗಿನಿಂದ ಸುತ್ತಿದ್ದು, ಮೇಲಿನಿಂದ ಸುತ್ತಿದ್ದು, ಕಂಬ ಮಲಗಿಸದೆ ಬಿಚ್ಚಲಾಗದ ಟೇಪು, ಹಗ್ಗ ಬಿಚ್ಚದೆ ಮಲಗಿಸಲಾಗದ ಕಂಬ, ಎಲ್ಲವನ್ನೂ ಬಿಡಿಸಿ ಹೇಳಿದ.

ಇಸ್ಕ್ರೆನ್ ತುಂಡುಗಳನ್ನು ಎತ್ತಿ ಎತ್ತಿ ನೋಡಿದ. “ನಂಗೆ ರೇಡಿಯೋ ಅಂದ್ರೆ ಕಾರಲ್ಲಿ ಹಾಡು ಕೇಳೋದು, ಅಷ್ಟೇ. ಮೇಷ್ಟ್ರೇ ಬಿಚ್ಚಿ ಸುತ್ತಿರಬಹುದಲ್ವಾ?”

“ಅವರ ಬಲಗೈ ಬೆರಳು ಮಡಚಲ್ಲ ಸಾರ್!” ಗಿನ್ಕಾ ಮುಂದೆ ಬಂದಳು. “ಚಳಿಗಾಲದಲ್ಲಿ ಮಂಜಿನ ಮೇಲೆ ಜಾರಿದಾಗಿಂದ ಚಮಚ ಹಿಡಿಯೋದೇ ಕಷ್ಟ. ಅದಕ್ಕೇ ಎಲ್ಲಾ ಕೆಲಸ ನನ್ನ ಕೈಲಿ ಮಾಡಿಸಿದ್ದು.”

“ಅವರು ಬಿದ್ದ ಮೇಲೆ ಯಾರಾದ್ರೂ ಸುತ್ತಿದ್ರೆ?”

“ಹೇಗಯ್ಯಾ? ಸದ್ದು ಕೇಳಿ ಇಡೀ ಕಟ್ಟಡ ಮೇಲೆ ಓಡಿತ್ತು. ಆಮೇಲೆ ನಿಮ್ಮದೇ ಸೀಲು. ಇವತ್ತು ಬೆಳಿಗ್ಗೆಯಷ್ಟೇ ತೆಗೆದಿದ್ದೀರಿ. ಅಲ್ಲದೆ ಮೇಲೆ ಇನ್ನೊಬ್ಬ ಇದ್ದ. ಅವನನ್ನ ‘ಮರೀ’ ಅಂತ ಕರೆದದ್ದನ್ನ ವೆಲ್ಚೋ ಕೇಳಿದ್ದಾನೆ. ಮೇಷ್ಟ್ರ ಹಳೇ ಶಿಷ್ಯನೇ ಇರಬೇಕು.”

ಇಸ್ಕ್ರೆನ್ ತುಂಡುಗಳನ್ನು ಕಾಗದದ ಮೇಲಿಂದ ಪಕ್ಕಕ್ಕೆ ಸರಿಸಿದ. ಆಮೇಲೆ ಉದ್ದಕ್ಕೆ ಉಸಿರುಬಿಟ್ಟು, ತಪ್ಪೊಪ್ಪಿಗೆಯ ಕಾಗದ ಎತ್ತಿ, ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಹರಿದ.

“ಗುರುಗಳ ಮುಂದೆ ನಾನಿನ್ನೂ ಹುಡುಗನೇ” ಎಂದ. “ಅಮ್ಮಾ, ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿ. ನಿಮ್ಮ ಮೇಲೆ ಏನೂ ಇಲ್ಲ.”

ಏನೂ ಇಲ್ಲ! ಗಿನ್ಕಾಗೆ ಆ ಮಾತು ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಅವಳು ರಶ್ಕೋವ್‌ನ ಹೆಗಲಿಗೆ ತಲೆಯಿಟ್ಟು ಹೋ ಎಂದು ಅತ್ತಳು. ಅವನ ಕೋಟಿನ ತುಂಬ ಹಿಟ್ಟು. ಮೂವತ್ತು ವರ್ಷದ ನೌಕರಿಯಲ್ಲಿ ಎಷ್ಟೋ ಜನರನ್ನು ಒಳಗೆ ಹಾಕಿದ್ದ. ಹೀಗೆ ಒಬ್ಬರನ್ನು ಹೊರಗೆ ಉಳಿಸಿಕೊಂಡ ಸುಖ ಬೇರೆಯೇ ಇತ್ತು.

ಅಷ್ಟರಲ್ಲಿ ಅವಳ ಏಪ್ರನ್ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವಳ ಬೇಕರಿಯಿಂದಲೇ ಆಸ್ಪತ್ರೆಗೆ ರೊಟ್ಟಿ ಹೋಗುತ್ತಿದ್ದುದರಿಂದ ವಾರ್ಡಿನ ನರ್ಸು ಅವಳಿಗೆ ಗೆಳತಿ.

“ಏನೇ? ಏನಂದೆ? ಇನ್ನೊಂದ್ಸಲ ಹೇಳು!” ಗಿನ್ಕಾ ಕಿರುಚಿದಳು. “ಕಣ್ಣು ಬಿಟ್ರಂತೆ! ಅಣ್ಣಾ, ಮೇಷ್ಟ್ರು ಕಣ್ಣು ಬಿಟ್ರಂತೆ! ಮಾತಿನ್ನೂ ಸರಿಯಾಗಿ ಬರ್ತಿಲ್ವಂತೆ. ಆದ್ರೆ ಕರುಳಿನ ಸಾರು ಬೇಕು, ಬೆಳ್ಳುಳ್ಳಿ ಜಾಸ್ತಿ ಹಾಕಿ ಅಂತ ಕೈಸನ್ನೆ ಮಾಡಿದ್ರಂತೆ!”

ಐದನೆಯ ಮಹಡಿಯಿಂದ ವೆಲ್ಚೋ “ದೇವರು ದೊಡ್ಡವನು!” ಎಂದು ಕೂಗಿದ. ಯಾವುದೋ ಕಿಟಕಿಯಿಂದ ಚಪ್ಪಾಳೆ ಕೇಳಿಸಿತು. ಗಿನ್ಕಾ ಪ್ಲಮ್ ಮರದತ್ತ ಓಡಿ, ಮಣಿಕಟ್ಟಿನ ಕೆಂಪು ಬಿಳಿ ದಾರವನ್ನು ಹಲ್ಲಿನಿಂದ ಬಿಚ್ಚಿ, ಹೂವಿನ ಕೊಂಬೆಗೆ ಕಟ್ಟತೊಡಗಿದಳು. ನಗುತ್ತಿದ್ದಳು, ಅಳುತ್ತಿದ್ದಳು.

ಇಸ್ಕ್ರೆನ್ ಕೂಡ ನಕ್ಕ. “ಒಳ್ಳೆ ಸುದ್ದಿ. ನಾನೇ ಈಗಲೇ ಆಸ್ಪತ್ರೆಗೆ ಹೋಗಿ ಮೇಷ್ಟ್ರ ಹೇಳಿಕೆ ತಗೋತೀನಿ. ಆ ಇನ್ನೊಬ್ಬ ಯಾರು ಅಂತ ಅವರೇ ಹೇಳ್ಬಿಡ್ತಾರೆ. ಈ ತುಂಡುಗಳು ಸಾಕ್ಷ್ಯ, ನನ್ನ ಹತ್ರಾನೇ ಇರಲಿ. ಟೇಪು ಇದೆಯಾ ಗುರುಗಳೇ?”

ರಶ್ಕೋವ್ ಕೋಟಿನ ಜೇಬಿನಿಂದ ಕಪ್ಪು ಟೇಪಿನ ಉಂಡೆ ತೆಗೆದು ಕೊಟ್ಟ. ಹೊಸ ಹವ್ಯಾಸಿಗಳ ಜೇಬಿನಲ್ಲಿ ಸಿಗರೇಟು ಇಲ್ಲದಿದ್ದರೂ ಟೇಪು ಇರುತ್ತದೆ. ಇಸ್ಕ್ರೆನ್ ತುಂಡುಗಳನ್ನು ದಪ್ಪ ಲಕೋಟೆಗೆ ಹಾಕಿ ಬಾಯಿಗೆ ಟೇಪು ಅಂಟಿಸಿದ. ಕಣ್ಣು ಗಿನ್ಕಾಳ ಕಡೆಗಿತ್ತು, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

“ಸೀಲಿನ ಮೇಲೆ ನಿಮ್ಮದೊಂದು ಸಹಿ ಇರಲಿ.”

ರಶ್ಕೋವ್ ನಗುತ್ತಲೇ ಪೆನ್ನು ತೆಗೆದ, ಬಗ್ಗಿದ. ಪೆನ್ನಿನ ಮೊನೆ ಲಕೋಟೆಗೆ ತಾಗುವ ಮೊದಲೇ ನಿಂತಿತು.

ಟೇಪಿನ ಬಾಲ ಒಂದರ ಮೇಲೊಂದು ಎರಡು ಮಡಿಕೆ ಮಡಚಿತ್ತು. ಅದರ ಮೇಲೆ ಅಡ್ಡಕ್ಕೆ ಹೆಬ್ಬೆರಳ ಉಗುರಿನ ಗೀರು.

“ಏನಾಯ್ತು ಗುರುಗಳೇ?”

“ಶಾಯಿ ಇಳೀತಿಲ್ಲ ಕಣಯ್ಯಾ.” ರಶ್ಕೋವ್ ಪೆನ್ನನ್ನು ಕೊಡವಿದ, ಸಹಿ ಹಾಕಿದ, ಲಕೋಟೆ ಕೊಟ್ಟ. ಅವನ ಸೊಂಟದಲ್ಲಿ ಈಗ ಪಿಸ್ತೂಲಿರಲಿಲ್ಲ. ಇಸ್ಕ್ರೆನ್‌ನ ಸೊಂಟದಲ್ಲಿ ಇತ್ತು.

ಕಾರು ಗೇಟು ದಾಟುವವರೆಗೂ ಅವನು ಕೈ ಬೀಸುತ್ತಲೇ ಇದ್ದ. ದಾಟಿದ್ದೇ ತಡ, ಪ್ಲಮ್ ಮರದ ಬಳಿ ಓಡಿದ.

“ಗಿನ್ಕಾ, ನಿನ್ನ ರೊಟ್ಟಿ ವ್ಯಾನಿನ ಕೀಲಿ ಕೊಡು. ಬೇಗ! ವಾರ್ಡಿನ ಬಾಗಿಲು ಹಾಕ್ಕೊಂಡು ಯಾರನ್ನೂ ಒಳಗೆ ಬಿಡಬೇಡ ಅಂತ ನಿನ್ನ ಗೆಳತಿಗೆ ಹೇಳು.”

“ಯಾಕಣ್ಣಾ? ಯಾರು ಬರ್ತಾರೆ?” ಅವಳ ಮುಖದಲ್ಲಿ ನಗು ಇನ್ನೂ ಇತ್ತು, ಕಿವಿಗೆ ಫೋನು ಹಿಡಿದಿದ್ದಳು. “ಅಯ್ಯೋ, ಅವಳು ಎತ್ತುತ್ತಿಲ್ಲ.”

“ಮೇಷ್ಟ್ರು ಕಣ್ಣು ಬಿಟ್ರು ಅಂತ ಅವನಿಗೆ ಹೇಳಿದ್ದು ನಾವೇ ಕಣೆ” ಎಂದ ರಶ್ಕೋವ್.